ಸಹಿ ಹಾಕದವರ ಒಪ್ಪಂದ

ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ ಹತ್ತಿರ ಟೀ ಕುಡಿಯುತ್ತಿದ್ದೆವು. ಕೆನಡಾ ಪಿಆರ್‌ಗೆ ಕಾಗದಪತ್ರ ಹೊಂದಿಸುತ್ತಿರುವ ಗೆಳೆಯ ಕೇಳಿದ: "ಈ ನಿರಾಶ್ರಿತರು ಅಮೆರಿಕದಲ್ಲೇ ಅರ್ಜಿ ಹಾಕ್ಬಹುದಲ್ವಾ? ಗಡಿ ದಾಟಿ ಕೆನಡಾಕ್ಕೆ ಯಾಕೆ ಬರ್ಬೇಕು?"

ಆ ಎರಡು ದೇಶಗಳ ಒಪ್ಪಂದ ಹೇಳೋದೂ ಅದನ್ನೇ. ಮೊದಲು ಕಾಲಿಟ್ಟ ಸುರಕ್ಷಿತ ದೇಶದಲ್ಲೇ ಆಶ್ರಯ ಕೇಳಬೇಕು, ಇಲ್ಲದಿದ್ದರೆ ಗಡಿಯಿಂದಲೇ ವಾಪಸ್. 2002ರಲ್ಲಿ ಸಹಿಯಾಗಿ 2004ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು. ಕೇಳೋಕೆ ನ್ಯಾಯವಾಗೇ ಇದೆ. ಆದರೆ ನನಗೆ ನೆನಪಾಗಿದ್ದು ಸುಳ್ಯದ ರಬ್ಬರ್ ತೋಟ.

ಸುಳ್ಯ, ಪುತ್ತೂರು ಕಡೆ ಬಸ್ಸಿನಲ್ಲಿ ಹೋದವರು ನೋಡಿರ್ತೀರಿ. ಸಾಲು ಸಾಲು ರಬ್ಬರ್ ಮರ, ನಡುವೆ ತಮಿಳು ಮಾತಾಡುವ ಕಾಲೊನಿಗಳು. ಇವರ ಹಿರಿಯರನ್ನು ಬ್ರಿಟಿಷರು ಸಿಲೋನಿನ ಕಾಫಿ, ಟೀ ತೋಟಗಳಿಗೆ ಕೂಲಿಗೆ ಒಯ್ದಿದ್ದರು. ಅಲ್ಲೇ ತಲೆಮಾರುಗಳು ಕಳೆದವು. 1948ರಲ್ಲಿ ಸಿಲೋನ್ ಸ್ವತಂತ್ರವಾಯಿತು, ಅದೇ ವರ್ಷದ ಪೌರತ್ವ ಕಾಯಿದೆ ಇವರಲ್ಲಿ ಹೆಚ್ಚಿನವರನ್ನು ಹೊರಗಿಟ್ಟಿತು. ಒಂದೇ ಸಮುದಾಯಕ್ಕೆ ತೊಂದರೆ ಕೊಡುವ ಕಾನೂನು ಮಾಡಬಾರದು ಅಂತ ಅಲ್ಲಿನ ಸಂವಿಧಾನದ 29ನೇ ವಿಧಿಯಲ್ಲೇ ಇತ್ತು. ಆ ವಿಧಿ ಹಿಡಿದು ಕೋರ್ಟಿಗೆ ಹೋದರು. ಕೇಸು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು, 1953ರಲ್ಲಿ ಸೋತಿತು. ಯಾರು ಪ್ರಜೆ ಅಂತ ತೀರ್ಮಾನಿಸೋದು ಪಾರ್ಲಿಮೆಂಟಿನ ಹಕ್ಕು ಅಂದರು.

ಕೋರ್ಟಿನ ಬಾಗಿಲು ಮುಚ್ಚಿದ ಮೇಲೆ ಉಳಿದದ್ದು ಸರ್ಕಾರಗಳ ಮೇಜು. 1964ರ ಅಕ್ಟೋಬರ್ 30ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದಕ್ಕೆ ಬಂದರು. ಒಟ್ಟು 9,75,000 ಜನ. ಭಾರತಕ್ಕೆ 5,25,000, ಸಿಲೋನಿಗೆ 3,00,000, ಮಿಕ್ಕ 1,50,000 ಆಮೇಲೆ ನೋಡೋಣ. 1974ರಲ್ಲಿ ಆ ಮಿಕ್ಕವರನ್ನೂ 75,000ದಂತೆ ಸಮನಾಗಿ ಹಂಚಿಕೊಂಡರು. ಅಣ್ಣತಮ್ಮಂದಿರು ಅಡಿಕೆ ತೋಟ ಪಾಲು ಮಾಡಿಕೊಂಡ ಹಾಗೆ! ಲೆಕ್ಕ ಮೊದಲು, ಅರ್ಜಿ ಆಮೇಲೆ. ಅರ್ಜಿ ಕರೆದಾಗ ನಿಗದಿಗಿಂತ ಎಷ್ಟೋ ಹೆಚ್ಚು ಮಂದಿ ಸಿಲೋನ್ ಪೌರತ್ವವನ್ನೇ ಕೇಳಿದರು. ಹಾಗೆ 'ವಾಪಸ್' ಬಂದವರಲ್ಲಿ ಕೆಲವರು, ತಾವು ಯಾವತ್ತೂ ನೋಡಿರದ ಸುಳ್ಯಕ್ಕೆ ಬಂದರು. ಟೀ ಎಲೆ ಕಿತ್ತ ಕೈ ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ರಬ್ಬರ್ ಹಾಲು ಇಳಿಸೋದು ಕಲಿಯಿತು.

ಅವರಿಗೆ ಪೌರತ್ವವಾದರೂ ಸಿಕ್ಕಿತು, ನಿಜ. ಇವತ್ತಿನ ಒಪ್ಪಂದಗಳಲ್ಲಿ ಅದೂ ಇಲ್ಲ. ಅದಕ್ಕೇ ಕೆನಡಾದಲ್ಲಿ ನಿರಾಶ್ರಿತರ ಪರ ಸಂಘಟನೆಗಳು ಕೋರ್ಟಿಗೆ ಹೋದವು. 2007ರಲ್ಲಿ ಗೆದ್ದು 2008ರಲ್ಲಿ ಮೇಲ್ಮನವಿಯಲ್ಲಿ ಸೋತವು. ಎರಡನೇ ಸಲದ ಕೇಸಿನಲ್ಲಿ ಇಥಿಯೋಪಿಯಾ ಮೂಲದ ಒಬ್ಬ ಯುವತಿ ಇದ್ದಳು. ಕೆನಡಾ ಅವಳನ್ನು ಗಡಿಯಿಂದ ತಿರುಗಿ ಕಳಿಸಿದ ಮೇಲೆ ಅಮೆರಿಕ ಅವಳನ್ನು ಜೈಲಿಗೆ ಹಾಕಿ, ಮೊದಲ ವಾರ ಒಂಟಿ ಕೋಣೆಯಲ್ಲಿಟ್ಟಿತ್ತು. 2020ರ ಜುಲೈನಲ್ಲಿ ಫೆಡರಲ್ ಕೋರ್ಟ್, ಇದು ಜೀವ, ಸ್ವಾತಂತ್ರ್ಯ, ಭದ್ರತೆಯ ಹಕ್ಕಿನ ಉಲ್ಲಂಘನೆ ಎಂದಿತು. 2021ರಲ್ಲಿ ಮೇಲಿನ ಕೋರ್ಟ್ ಅದನ್ನು ರದ್ದು ಮಾಡಿತು. 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನು? ಈ ಹಕ್ಕಿಗೆ ಧಕ್ಕೆಯಾಗೋದು ಹೌದು, ಆದರೆ ಕಷ್ಟದ ಪ್ರಕರಣಗಳಿಗೆ ವಿನಾಯಿತಿ ಕೊಡಲು ಕಾನೂನಿನಲ್ಲೇ ದಾರಿ ಇದೆ, ಹಾಗಾಗಿ ಕಾನೂನು ನಿಲ್ಲುತ್ತದೆ.

ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಕೋಡಿನಲ್ಲಿ ಎಕ್ಸೆಪ್ಶನ್ ಹ್ಯಾಂಡ್ಲಿಂಗ್ ಇದೆ, ಆದ್ದರಿಂದ ಪಾಸ್. ಆದರೆ ಬರೆದಿಟ್ಟಿದ್ದು ಬೇರೆ, ಪ್ರೊಡಕ್ಷನ್‌ನಲ್ಲಿ ಓಡೋದು ಬೇರೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮ ಸಂವಿಧಾನದ 14 ಮತ್ತು 21ನೇ ವಿಧಿ 'ಪ್ರಜೆ' ಅನ್ನೋದಿಲ್ಲ, 'ವ್ಯಕ್ತಿ' ಅನ್ನುತ್ತವೆ. ಆದರೂ 2021ರಲ್ಲಿ ರೋಹಿಂಗ್ಯಾಗಳ ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್, ಗಡೀಪಾರಾಗದೆ ಇರುವ ಹಕ್ಕು ಪ್ರಜೆಗಳಿಗಷ್ಟೇ ಇರುವ 19ನೇ ವಿಧಿಗೆ ಸೇರಿದ್ದು ಎಂದಿತು.

ಎರಡು ದೇಶಗಳ ಒಪ್ಪಂದದಲ್ಲಿ ಸಾಗಿಸಲ್ಪಡುವವರ ಸಹಿ ಇರೋದಿಲ್ಲ. ಅವರು ಲೆಕ್ಕವಾಗಿ ಅಲ್ಲದೆ ಒಬ್ಬ ಮನುಷ್ಯನಾಗಿ ಮಾತಾಡಲು ಉಳಿಯುವ ಜಾಗ ಕೋರ್ಟು ಮಾತ್ರ. 1953ರಲ್ಲಿ ಆ ಜಾಗ ತಪ್ಪಿದ್ದಕ್ಕೇ 1964ರಲ್ಲಿ ಅವರು ಬರೀ ಅಂಕಿಗಳಾದರು.

"ಹಾಗಾದ್ರೆ ಕೆನಡಾ ಕೇಸು ಮುಗೀತಾ?" ಅಂತ ಗೆಳೆಯ ಕೇಳಿದ. ಇಲ್ಲ. ಹೆಂಗಸರಿಗೆ ಸಮಾನತೆ ಸಿಗುತ್ತಿದೆಯಾ ಅನ್ನೋ ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ವಾಪಸ್ ಕೆಳಗಿನ ಕೋರ್ಟಿಗೆ ಕಳಿಸಿದೆ. ಅವನು ತನ್ನ ಫೈಲು ಬ್ಯಾಗಿಗೆ ಹಾಕಿಕೊಂಡ. ಅದನ್ನು ಯಾರಾದರೂ ತೆರೆದು ಓದಿಯೇ ಓದುತ್ತಾರೆ ಅನ್ನೋ ಧೈರ್ಯ ಅವನಿಗಿದೆ. ಗಡಿಯಲ್ಲಿ ನಿಂತವರು ಕೇಳುತ್ತಿರುವುದೂ ಅಷ್ಟೇ.