ಲಂಡನ್ನಿನ ಬೆಕ್ಕುಗಳಿಗೆ ಮಾಂಸವಿಕ್ರಯ

ಹತ್ತೊಂಬತ್ತನೆಯ ಶತಮಾನದ ಲಂಡನ್ ನಗರದಲ್ಲಿ, ಬೇಯಿಸಿದ ಕುದುರೆಮಾಂಸದ ತುಣುಕುಗಳನ್ನು ಕಡ್ಡಿಗಳಿಗೆ ಪೋಣಿಸಿಕೊಂಡು, ಬೀದಿಬೀದಿಯಲ್ಲಿ ಕೂಗುತ್ತ, ಬೆಕ್ಕುನಾಯಿಗಳ ಗ್ರಾಸಕ್ಕೆಂದೇ ಅದನ್ನು ಮಾರಿ ಜೀವಿಸುತ್ತಿದ್ದ ವರ್ತಕರ ವರ್ಗವೊಂದಿದ್ದಿತು. ಗಾಡಿಗಳನ್ನೆಳೆದು ಜೀರ್ಣವಾದ ಕುದುರೆಗಳು ಕಡೆಗೆ ವಧಾಶಾಲೆಯನ್ನು ಸೇರಲು, ಅಲ್ಲಿಂದ ಈ ವ್ಯಾಪಾರಕ್ಕೆ ಸರಕು ಒದಗುತ್ತಿದ್ದಿತು. ಶ್ರಮಜೀವಿಗಳ ವೃತ್ತಾಂತವನ್ನು ಸಂಗ್ರಹಿಸಿದ ಹೆನ್ರಿ ಮೇಹ್ಯೂ ವಿಚಾರಿಸಿದಾಗ, ವರ್ತಕನೊಬ್ಬನು ಹತ್ತು ಜನಕ್ಕೊಂದಾದರೂ ಬೆಕ್ಕು ಇದ್ದೀತೆಂದನಂತೆ. ಮೇಹ್ಯೂವಾದರೋ, ವಾಸದ ಮನೆಗಳ ಸಂಖ್ಯೆಯನ್ನೇ ಆಧಾರವಾಗಿಟ್ಟು, ಬೆಕ್ಕುಗಳು ಮೂರು ಲಕ್ಷವೆಂದು ಊಹಿಸಿದನು.

ಯಾವ ಶಾಸ್ತ್ರವನ್ನೂ ಓದದ ಈ ವರ್ತಕರು ಮಾರಿದ್ದು ಮಾರ್ಜಾಲದ ಪ್ರಕೃತಿಗೆ ಒಪ್ಪುವ ಆಹಾರವನ್ನೇ. ಕಣ್ಣು ಹೃದಯಗಳ ಸ್ವಾಸ್ಥ್ಯಕ್ಕೆ ಅವಶ್ಯವಾದ ಟಾರೀನ್ ಎಂಬ ಪೋಷಕಾಂಶ ಬೆಕ್ಕಿಗೆ ದೊರೆಯುವುದು ಮಾಂಸದಿಂದ; ಸಿಹಿಯ ರುಚಿಯನ್ನಂತೂ ಅದರ ನಾಲಗೆ ಅರಿಯದು. ಆದರೂ ಕೊಬ್ಬಿನ ಪರಿಮಳಕ್ಕೆ ಮರುಳಾಗಿ ಯಜಮಾನನ ತಟ್ಟೆಗೆ ಬಾಯಿಡುವ ಅದಕ್ಕೆ, ಮಾಂಸದ ಸಾರಿನೊಳಗಿನ ಈರುಳ್ಳಿ ಬೆಳ್ಳುಳ್ಳಿಗಳು ರಕ್ತದ ಕೆಂಪುಕಣಗಳನ್ನೊಡೆಯುವ ವಿಷ, ಚಾಕೊಲೇಟು ಹೃದಯವನ್ನು ಕೆರಳಿಸುವ ವಿಷ. ಬೆಕ್ಕಿನ ಆಹಾರವೆಂದು ಸರ್ವತ್ರ ಪ್ರಸಿದ್ಧವಾದ ಹಾಲು ಸಹ ಪ್ರಾಯದ ಅನೇಕ ಬೆಕ್ಕುಗಳಿಗೆ ಜೀರ್ಣವಾಗದು.

ಮುಂದೆ ಮೋಟಾರುಗಳು ಬಂದು ಕುದುರೆಗಳು ವಿರಳವಾಗಲು, ಡಬ್ಬಿಯ ಆಹಾರವು ಅಂಗಡಿಗಳನ್ನು ತುಂಬಲು, ಆ ವೃತ್ತಿ ಕ್ರಮೇಣ ಅಳಿಯಿತು. ಮುದ್ದಿನಿಂದ ಉಣಿಸುವವನಿಗಿಂತ ಕಾಸಿಗೆ ಮಾರಿದವನೇ ಬೆಕ್ಕಿಗೆ ಹೆಚ್ಚು ಹಿತವನ್ನೆಸಗಿದನೆಂದರೆ ಅತಿಶಯೋಕ್ತಿಯಾಗಲಾರದು.