ಕಾರ್ಟೂನ್‌ಗಳ ಲೈವ್ ಆಕ್ಷನ್ ರೂಪಾಂತರ

ಚಿತ್ರ ಬರೆದು ಚಲಿಸುವಂತೆ ಮಾಡಿದ ಪಾತ್ರಗಳನ್ನು ನಟರ ಮೂಲಕ, ಅಥವಾ ನಿಜವೆಂದು ತೋರುವ ಕಂಪ್ಯೂಟರ್ ದೃಶ್ಯಗಳ ಮೂಲಕ ಮತ್ತೆ ತೆರೆಗೆ ತರುವ ಚಲನಚಿತ್ರ ಪ್ರಕಾರ. ‘ಹೂ ಫ್ರೇಮ್ಡ್ ರೋಜರ್ ರ್ಯಾಬಿಟ್’ (1988) ಚಿತ್ರದಂತೆ ಕಾರ್ಟೂನ್ ಪಾತ್ರ ಕಾರ್ಟೂನಾಗಿಯೇ ಉಳಿದು ನಟರ ಜೊತೆ ಓಡಾಡುವ ಸಿನಿಮಾಗಳು ಇದರಲ್ಲಿ ಸೇರುವುದಿಲ್ಲ.

ಕಾದಂಬರಿಯೊಂದು ಸಿನಿಮಾ ಆದಾಗ ಓದುಗರ ಮನಸ್ಸಿನಲ್ಲಿರುವ ನಾಯಕನ ಮುಖ ಒಬ್ಬೊಬ್ಬರಿಗೆ ಒಂದೊಂದು. ಕಾರ್ಟೂನಿನ ವಿಷಯದಲ್ಲಿ ಹಾಗಿಲ್ಲ. ಎಲ್ಲರೂ ನೋಡಿರುವುದು ಅದೇ ಮುಖ, ಕೇಳಿರುವುದು ಅದೇ ದನಿ. ಅದನ್ನೂ ಬಾಲ್ಯದಲ್ಲಿ, ನೂರಾರು ಬಾರಿ. ಹೋಲಿಕೆ ತಪ್ಪಿದರೆ ಮೊದಲ ನೋಟಕ್ಕೇ ಗೊತ್ತಾಗುತ್ತದೆ. ಅಭಿಮಾನಿಗಳ ಆಕ್ಷೇಪವನ್ನು ಹಟವೆಂದು ತಳ್ಳಿಹಾಕುವ ವಿಮರ್ಶಕರು ಈ ವ್ಯತ್ಯಾಸವನ್ನು ಸಾಕಷ್ಟು ಗಮನಿಸಿಲ್ಲ.

ಪಾಪೈ (1980)

ಈ ಪ್ರಕಾರದ ಬಹುತೇಕ ಎಲ್ಲ ತೊಡಕುಗಳೂ ಒಂದೇ ಕಡೆ ಕಾಣಸಿಗುವುದು ರಾಬರ್ಟ್ ಆಲ್ಟ್‌ಮನ್ ನಿರ್ದೇಶಿಸಿದ ‘ಪಾಪೈ’ಯಲ್ಲಿ. ಪ್ಯಾರಾಮೌಂಟ್ ಮತ್ತು ಡಿಸ್ನಿ ಜೊತೆಗೂಡಿ ತಯಾರಿಸಿದ ಈ ಚಿತ್ರದಲ್ಲಿ ರಾಬಿನ್ ವಿಲಿಯಮ್ಸ್ ನಾವಿಕ ಪಾಪೈ ಆಗಿ, ಶೆಲ್ಲಿ ಡುವಾಲ್ ಆಲಿವ್ ಆಯಿಲ್ ಆಗಿ ನಟಿಸಿದರು.

ಪಾಪೈಗೆ ಎರಡು ಮೂಲಗಳಿವೆ. ಇ. ಸಿ. ಸೀಗರ್ ಬರೆಯುತ್ತಿದ್ದ ‘ಥಿಂಬಲ್ ಥಿಯೇಟರ್’ ಎಂಬ ಪತ್ರಿಕಾ ಚಿತ್ರಸರಣಿಯಲ್ಲಿ ಆತ ಹುಟ್ಟಿದ್ದು 1929ರ ಜನವರಿ 17ರಂದು. ಫ್ಲೈಶರ್ ಸ್ಟುಡಿಯೊ ಅವನನ್ನು ಕಾರ್ಟೂನ್ ಮಾಡಿದ್ದು 1933ರಲ್ಲಿ. ಬಲ ಕೊಡುವ ಪಾಲಕ್ ಸೊಪ್ಪಿನ ಡಬ್ಬಿ ಬಹುತೇಕ ಪ್ರತಿ ಕಥೆಯ ಕೊನೆಯ ತಿರುವಾದದ್ದು ಕಾರ್ಟೂನಿನಲ್ಲಿ. ಸೀಗರನ ಪಾಪೈಗೆ ಅದರ ಅಗತ್ಯ ಅಷ್ಟಾಗಿ ಇರಲಿಲ್ಲ. ಚಿತ್ರಕಥೆ ಬರೆದ ಜೂಲ್ಸ್ ಫೈಫರ್ ಸ್ವತಃ ವ್ಯಂಗ್ಯಚಿತ್ರಕಾರ, ಸೀಗರನ ಭಕ್ತ. ಆತ ಪತ್ರಿಕೆಯ ಪಾಪೈಯನ್ನೇ ಹಿಡಿದ. ಹೀಗಾಗಿ ಸಿನಿಮಾದ ನಾಯಕನಿಗೆ ಪಾಲಕ್ ಕಂಡರಾಗದು; ಕೊನೆಯ ಹೊಡೆದಾಟದಲ್ಲಿ ಖಳನಾಯಕ ಬ್ಲೂಟೊ ಅದನ್ನು ಅವನ ಬಾಯಿಗೆ ತುರುಕುತ್ತಾನೆ. ಟಿವಿಯಲ್ಲಿ ಕಾರ್ಟೂನ್ ನೋಡಿ ಬೆಳೆದವರಿಗೆ ಇದು ಮೂಲಕ್ಕೆ ಮಾಡಿದ ದ್ರೋಹವಾಗಿ ಕಂಡಿತು. ಮೂಲನಿಷ್ಠೆ ಎಂಬ ಮಾತು ಬಂದಾಗ ಯಾವ ಮೂಲ ಎಂದು ಮೊದಲು ಕೇಳಬೇಕಾಗುತ್ತದೆ.

ದನಿಯದೂ ಒಂದು ಕಥೆ. 1935ರ ಹೊತ್ತಿಗೆ ಪಾಪೈಗೆ ದನಿ ಕೊಡತೊಡಗಿದ ಜ್ಯಾಕ್ ಮರ್ಸರ್ ಬಾಯೊಳಗೇ ಏನೇನೋ ಗೊಣಗುವ ಅಭ್ಯಾಸವನ್ನು ಪಾತ್ರಕ್ಕೆ ಅಂಟಿಸಿದ. ಆ ಕಾಲದ ಫ್ಲೈಶರ್ ಚಿತ್ರಗಳಲ್ಲಿ ಮೊದಲು ಚಿತ್ರ ಬರೆದು ಆಮೇಲೆ ಮಾತು ಸೇರಿಸುತ್ತಿದ್ದುದರಿಂದ ಗೊಣಗಾಟಕ್ಕೂ ತುಟಿಗೂ ಸಂಬಂಧ ಇರಬೇಕಾಗಿರಲಿಲ್ಲ. ವಿಲಿಯಮ್ಸ್ ಅದೇ ಗೊಣಗನ್ನು ಕ್ಯಾಮೆರಾ ಮುಂದೆ ಮಾಡಿದಾಗ ಮಾತು ಅರ್ಥವಾಗದೆ ಬಹಳಷ್ಟನ್ನು ಮತ್ತೆ ಡಬ್ ಮಾಡಬೇಕಾಯಿತು. ಉಬ್ಬಿದ ಮುಂಗೈಗಳನ್ನು ಕೃತಕವಾಗಿ ತಯಾರಿಸಿ ಅವನ ತೋಳಿಗೆ ತೊಡಿಸಲಾಗಿತ್ತು.

ಕಥೆ ನಡೆಯುವ ಸ್ವೀಟ್‌ಹೇವನ್ ಊರನ್ನು ಮಾಲ್ಟಾ ದ್ವೀಪದ ಆ್ಯಂಕರ್ ಕೊಲ್ಲಿಯ ದಂಡೆಯಲ್ಲಿ ಕಟ್ಟಲಾಯಿತು. ವುಲ್ಫ್ ಕ್ರೋಗರ್ ವಿನ್ಯಾಸಗೊಳಿಸಿದ ಈ ಸೆಟ್ಟಿಗೆ ಬೇಕಾದ ಮರವನ್ನು ನೆದರ್‌ಲ್ಯಾಂಡ್ಸ್‌ನಿಂದ, ಚಾವಣಿಗೆ ಹೊದಿಸುವ ಮರದ ಬಿಲ್ಲೆಗಳನ್ನು ಕೆನಡಾದಿಂದ ತರಿಸಿ, ಸುಮಾರು ಏಳು ತಿಂಗಳಲ್ಲಿ ವಾರೆಕೋರೆಯಾಗಿ ವಾಲಿದ ಹತ್ತೊಂಬತ್ತು ಮನೆಗಳನ್ನು ಎಬ್ಬಿಸಿದರು. ನೇರ ಗೆರೆ ಎಲ್ಲೂ ಕಾಣದ ಈ ಹಳ್ಳಿ ಕೈಯಿಂದ ಬರೆದ ಚಿತ್ರಕ್ಕೆ ಅತ್ಯಂತ ಹತ್ತಿರ ಬಂದ ನಿಜವಾದ ಕಟ್ಟಡಗಳ ಸಮೂಹ ಎಂಬುದು ಈ ಲೇಖಕನ ಅಭಿಪ್ರಾಯ. ಚಿತ್ರ ಮುಗಿದು ದಶಕಗಳಾದರೂ ಅದು ಪ್ರವಾಸಿ ತಾಣವಾಗಿ ಉಳಿದಿದೆ. ಸುಮಾರು 2 ಕೋಟಿ ಡಾಲರ್ ಖರ್ಚಿನ ಚಿತ್ರ ಅಮೆರಿಕದಲ್ಲಿ ಅದರ ದುಪ್ಪಟ್ಟಿಗೂ ಹೆಚ್ಚು ಗಳಿಸಿತು. ಆದರೂ ಸೋತ ಚಿತ್ರವೆಂಬ ಹೆಸರೇ ಅಂಟಿಕೊಂಡಿತು.

ಗೆರೆಯ ನಿಯಮ, ದೇಹದ ನಿಯಮ

ಕೈಯಿಂದ ಬರೆದ ಕಾರ್ಟೂನಿನಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡಿದರೂ ಒಂದೊಂದು ಚಿತ್ರವನ್ನು ಎರಡು ಚೌಕಟ್ಟುಗಳಲ್ಲಿ ನಿಲ್ಲಿಸುವುದು ವಾಡಿಕೆ; ಅಂದರೆ ಸೆಕೆಂಡಿಗೆ ಹನ್ನೆರಡೇ ಚಿತ್ರ. ಭಂಗಿಯಿಂದ ಭಂಗಿಗೆ ಜಿಗಿಯುವ ಆ ಲಯಕ್ಕೆ ನೋಡುಗರ ಕಣ್ಣು ಪಳಗಿರುತ್ತದೆ. ಬಿದ್ದಾಗ ಚಪ್ಪಟೆಯಾಗಿ ಎದ್ದಾಗ ಉದ್ದವಾಗುವ ದೇಹ, ಮುಖದ ಅರ್ಧ ತುಂಬುವ ಕಣ್ಣು ಇವು ಅಲಂಕಾರವಲ್ಲ, ಭಾವ ಹೇಳುವ ಭಾಷೆ. ನಟನ ಮೂಳೆ, ಮಾಂಸಕ್ಕೆ ಈ ಭಾಷೆ ಬರುವುದಿಲ್ಲ.

2019ರ ‘ದ ಲಯನ್ ಕಿಂಗ್’ ಇದಕ್ಕೆ ಸ್ಪಷ್ಟ ನಿದರ್ಶನ. ಲೈವ್ ಆಕ್ಷನ್ ಎಂದು ಕರೆಸಿಕೊಂಡ ಈ ಚಿತ್ರದಲ್ಲಿ ಕ್ಯಾಮೆರಾದಿಂದ ತೆಗೆದದ್ದು ಒಂದೇ ಒಂದು ಶಾಟ್, ಆರಂಭದ ಸೂರ್ಯೋದಯ ಎಂದು ನಿರ್ದೇಶಕ ಜಾನ್ ಫಾವ್ರೊ ತಿಳಿಸಿದ್ದಾರೆ; ಉಳಿದದ್ದೆಲ್ಲ ಕಂಪ್ಯೂಟರಿನದು. ಗೋಲ್ಡನ್ ಗ್ಲೋಬ್ ಪ್ರಶಸ್ತಿಗೆ ಅದು ನಾಮನಿರ್ದೇಶನಗೊಂಡದ್ದೂ ಆ್ಯನಿಮೇಷನ್ ವಿಭಾಗದಲ್ಲಿ. ಸಿಂಹದ ಚರ್ಮ, ಕೂದಲು, ಧೂಳು ಎಲ್ಲ ನಿಜದಂತಿದ್ದವು. ಆದರೆ 1994ರ ಮೂಲ ಕಾರ್ಟೂನ್ ಚಿತ್ರದ ಸಿಂಹದ ಮರಿ ಸಿಂಬನಿಗೆ ಇದ್ದ ಹುಬ್ಬು ನಿಜವಾದ ಸಿಂಹಕ್ಕೆ ಇಲ್ಲ. ತಂದೆಯ ಶವದ ಪಕ್ಕದಲ್ಲಿ ಮರಿಯ ಮುಖ ಬಹುತೇಕ ಕದಲದೆ ಉಳಿಯಿತು. ಚಿತ್ರ 160 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು, ಆದರೆ ಗಳಿಕೆಯೊಂದನ್ನೇ ಅಭಿಮಾನಿಗಳ ತೃಪ್ತಿಗೆ ಅಳತೆಗೋಲು ಮಾಡುವುದು ಸರಿಯಲ್ಲ.

ವಚಾವ್‌ಸ್ಕಿ ಸೋದರಿಯರು ‘ಸ್ಪೀಡ್ ರೇಸರ್’ (2008) ಚಿತ್ರದಲ್ಲಿ ತದ್ವಿರುದ್ಧ ದಾರಿ ಹಿಡಿದರು. 1967ರ ಜಪಾನಿ ಸರಣಿಯನ್ನು ಆಧರಿಸಿದ ಇದರಲ್ಲಿ ಹತ್ತಿರದ ಮುಖವೂ ದೂರದ ಹಿನ್ನೆಲೆಯೂ ಒಂದೇ ಸ್ಪಷ್ಟತೆಯಲ್ಲಿ, ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ ಕಾಣುತ್ತವೆ. ಬಿಡುಗಡೆಯಾದಾಗ ಹಾಕಿದ ಹಣವೂ ಹುಟ್ಟಲಿಲ್ಲ. ಮೆಚ್ಚುಗೆ ಬಂದದ್ದು ವರ್ಷಗಳ ಮೇಲೆ.

‘ಸೋನಿಕ್ ದ ಹೆಜ್‌ಹಾಗ್’ ಮೂಲತಃ ವಿಡಿಯೊ ಗೇಮ್ ಆದರೂ ಇಲ್ಲಿ ಉಲ್ಲೇಖಿಸದೆ ವಿಧಿಯಿಲ್ಲ. 2019ರ ಏಪ್ರಿಲ್ 30ರಂದು ಬಂದ ಟ್ರೈಲರಿನಲ್ಲಿ ಸೋನಿಕ್‌ಗೆ ಮನುಷ್ಯರಂಥ ಹಲ್ಲು, ಬೇರೆ ಬೇರೆಯಾದ ಪುಟ್ಟ ಕಣ್ಣುಗಳಿದ್ದವು. ಆಟದ ಸೋನಿಕ್‌ಗಾದರೋ ಕಣ್ಣಿನ ಬಿಳಿ ಭಾಗ ಒಂದಕ್ಕೊಂದು ಕೂಡಿಕೊಂಡಿದೆ. ಕೋಲಾಹಲವೆದ್ದು ಕೆಲವೇ ದಿನಗಳಲ್ಲಿ ನಿರ್ದೇಶಕ ಜೆಫ್ ಫೌಲರ್ ರೂಪ ಬದಲಿಸುವುದಾಗಿ ಒಪ್ಪಿದರು. ನವೆಂಬರಿನ ಬಿಡುಗಡೆ 2020ರ ಫೆಬ್ರುವರಿ 14ಕ್ಕೆ ಹೋಯಿತು. ಸೋನಿಕ್ ಕಾಮಿಕ್ಸ್ ಬರೆದು ಅನುಭವವಿದ್ದ ಟೈಸನ್ ಹೆಸ್ ಹೊಸ ವಿನ್ಯಾಸದ ಹೊಣೆ ಹೊತ್ತರು.

ದ ಲಾಸ್ಟ್ ಏರ್‌ಬೆಂಡರ್ (2010)

ನಿಕೆಲೋಡಿಯನ್ ವಾಹಿನಿಯ ‘ಅವತಾರ್: ದ ಲಾಸ್ಟ್ ಏರ್‌ಬೆಂಡರ್’ (2005–2008) ಮೂರು ಭಾಗಗಳ, 61 ಕಂತುಗಳ ಸರಣಿ. ಏಷ್ಯಾ ಮತ್ತು ಆರ್ಕ್ಟಿಕ್ ಪ್ರದೇಶಗಳ ಸಂಸ್ಕೃತಿಗಳನ್ನು ನೆನಪಿಸುವ ಲೋಕ ಅದರದು. ನಮ್ಮ ‘ಅವತಾರ’ ಶಬ್ದವನ್ನೇ ಅದು ಪುನರ್ಜನ್ಮ ಪಡೆಯುತ್ತ ಬರುವ ರಕ್ಷಕನ ಅರ್ಥದಲ್ಲಿ ಬಳಸಿಕೊಂಡಿದೆ. ಎಂ. ನೈಟ್ ಶ್ಯಾಮಲನ್ ಮೊದಲ ಭಾಗದ ಇಪ್ಪತ್ತು ಕಂತುಗಳನ್ನು 103 ನಿಮಿಷಗಳ ಚಿತ್ರವಾಗಿ ಇಳಿಸಿದರು.

ಪ್ರತಿಭಟನೆ ಬಿಡುಗಡೆಗೆ ಮೊದಲೇ ಶುರುವಾಗಿತ್ತು. ಮುಖ್ಯವಾದ ಮೂರು ಸಜ್ಜನ ಪಾತ್ರಗಳಿಗೆ ಬಿಳಿಯ ನಟರನ್ನು ಆರಿಸಿ, ದಾಳಿಕೋರ ಅಗ್ನಿರಾಷ್ಟ್ರಕ್ಕೆ ದೇವ್ ಪಟೇಲ್, ಆಸಿಫ್ ಮಾಂಡ್ವಿ ಅವರಂಥ ದಕ್ಷಿಣ ಏಷ್ಯಾ ಮೂಲದವರನ್ನು ತಂದದ್ದು ಕಾರಣ. ಪಾತ್ರದ ಜನಾಂಗವನ್ನು ಬದಲಿಸುವುದಕ್ಕೆ ‘ರೇಸ್‌ಬೆಂಡಿಂಗ್’ ಎಂಬ ಪದ ಈ ಚಳವಳಿಯಿಂದಲೇ ಬಳಕೆಗೆ ಬಂತು. ಇದನ್ನು ರೂಪಸಾಮ್ಯದ ಹಂಬಲವೆಂದಷ್ಟೇ ಓದಬಾರದು. ತಮ್ಮಂತೆ ಕಾಣುವ ನಾಯಕನನ್ನು ಕೊನೆಗೂ ಪಡೆದಿದ್ದ ಮಕ್ಕಳಿಂದ ಅವನನ್ನು ಕಿತ್ತುಕೊಂಡ ನೋವು ಅದರಲ್ಲಿತ್ತು.

ಹೆಸರುಗಳೂ ಬದಲಾದವು. ಸರಣಿಯ ಬಾಲನಾಯಕ ‘ಆ್ಯಂಗ್’ ಚಿತ್ರದಲ್ಲಿ ‘ಆಂಗ್’ ಆದ, ‘ಐರೋ’ ‘ಈರೋ’ ಆದ. ಏಷ್ಯಾದ ಉಚ್ಚಾರಕ್ಕೆ ಇದೇ ಸಮೀಪ ಎಂಬುದು ನಿರ್ದೇಶಕರ ಸಮರ್ಥನೆ. ಅದರಲ್ಲಿ ತಥ್ಯವಿರಬಹುದು, ಆದರೆ ಮೂರು ವರ್ಷ ಆ ಹುಡುಗನನ್ನು ಒಂದು ಹೆಸರಿನಿಂದ ಕರೆದವರ ಕಿವಿಗೆ ಬೇರೊಬ್ಬ ಬಂದಂತಾಯಿತು.

ಇಷ್ಟೆಲ್ಲಕ್ಕಿಂತ ಆಳದ ತಪ್ಪು ಚಲನೆಯಲ್ಲಿತ್ತು. ಸರಣಿಯಲ್ಲಿ ಪಾತ್ರಗಳು ದೇಹದ ಚಲನೆಯಿಂದ ಆಳುವ ನಾಲ್ಕು ಭೂತಗಳಿಗೂ ಚೀನೀ ಸಮರಕಲೆಯ ಒಂದೊಂದು ಶೈಲಿ ನಿಗದಿಯಾಗಿತ್ತು: ನೀರಿಗೆ ತಾಯ್ ಚಿ, ಮಣ್ಣಿಗೆ ಹಂಗ್ ಗಾರ್, ಬೆಂಕಿಗೆ ಉತ್ತರ ಶಾವೊಲಿನ್, ಗಾಳಿಗೆ ಬಾ ಗುವಾ. ಕಾಲು ಅಪ್ಪಳಿಸಿದೊಡನೆ ಬಂಡೆ ಏಳಬೇಕು. ಏಟಿಗೂ ಫಲಕ್ಕೂ ನಡುವೆ ಬಿಡುವಿಲ್ಲ. ಸಿನಿಮಾದಲ್ಲಿ ಮಣ್ಣನ್ನು ಆಳುವ ಹಲವರು ಸೇರಿ ಬಹಳ ಹೊತ್ತು ಕೈಕಾಲು ಆಡಿಸಿದ ಮೇಲೆ ಒಂದು ಸಾಧಾರಣ ಕಲ್ಲು ತೇಲಿಬರುತ್ತದೆ. ಆ ಲೋಕದ ಭೌತಶಾಸ್ತ್ರವೇ ಅಲ್ಲಿ ಮುರಿಯಿತು. ಚಿತ್ರ ಸುಮಾರು 32 ಕೋಟಿ ಡಾಲರ್ ಗಳಿಸಿದರೂ ಉಳಿದೆರಡು ಭಾಗಗಳು ಬರಲಿಲ್ಲ. ನೆಟ್‌ಫ್ಲಿಕ್ಸ್ 2024ರಲ್ಲಿ ಇದೇ ಕಥೆಯನ್ನು ಎಂಟು ಕಂತುಗಳ ಸರಣಿಯಾಗಿ ತಂದಿತು; ಮೂಲ ಕರ್ತೃಗಳಾದ ಡಿಮಾರ್ಟಿನೊ ಮತ್ತು ಕೊನಿಯೆಟ್ಜ್‌ಕೊ 2020ರಲ್ಲೇ ಅದರಿಂದ ಹೊರನಡೆದಿದ್ದರು.

ಒಪ್ಪಿಗೆಯ ನಿದರ್ಶನಗಳು

‘ಸ್ಕೂಬಿ-ಡೂ’ (2002) ಚಿತ್ರದಲ್ಲಿ ಶ್ಯಾಗಿ ಎಂಬ ಪಾತ್ರ ಮಾಡಿದ್ದ ಮ್ಯಾಥ್ಯೂ ಲಿಲ್ಲರ್ಡ್ 2010ರಿಂದ ಕಾರ್ಟೂನಿನ ಶ್ಯಾಗಿಗೂ ದನಿಯಾದರು. ನಟನಿಂದ ಚಿತ್ರಕ್ಕೆ ಹೀಗೆ ಹಿಮ್ಮುಖವಾಗಿ ದಾಟಿದ ಪ್ರಸಂಗ ವಿರಳ. ‘ಒನ್ ಪೀಸ್’ (2023) ಸರಣಿಯಲ್ಲಿ ಮೂಲ ಮಾಂಗಾದ (ಜಪಾನಿ ಕಾಮಿಕ್ಸ್) ಕರ್ತೃ ಐಚಿರೊ ಓಡಾ ನಿರ್ಮಾಣದ ಜೊತೆಗೇ ಇದ್ದರು.

ಭಾರತ ಮತ್ತು ಬೆಂಗಳೂರು

ಭಾರತದಲ್ಲಿ ಇಂಥ ಪ್ರಯತ್ನಗಳು ಕಡಿಮೆ. 2008ರಲ್ಲಿ ಪೋಗೊ ವಾಹಿನಿಯಲ್ಲಿ ಆರಂಭವಾದ, ಹೈದರಾಬಾದಿನ ಗ್ರೀನ್ ಗೋಲ್ಡ್ ಸಂಸ್ಥೆಯ ‘ಛೋಟಾ ಭೀಮ್’ 2024ರಲ್ಲಿ ನಟರಿರುವ ಹಿಂದಿ ಚಿತ್ರವಾಯಿತು. ಮೂಲ ಕರ್ತೃ ರಾಜೀವ್ ಚಿಲಕಾ ಅವರೇ ನಿರ್ದೇಶಿಸಿದರು.

ಕರ್ನಾಟಕದ ಪಾಲು ತೆರೆಯ ಹಿಂದಿನದು. ‘ದ ಜಂಗಲ್ ಬುಕ್’ (2016), ‘ದ ಲಯನ್ ಕಿಂಗ್’ ಚಿತ್ರಗಳ ದೃಶ್ಯಗಳನ್ನು ರೂಪಿಸಿದ ಎಂಪಿಸಿ ಸಂಸ್ಥೆಯ ಬೆಂಗಳೂರು ಘಟಕದ ಕಲಾವಿದರು ಅವುಗಳಲ್ಲಿ ದುಡಿದಿದ್ದಾರೆ. ಮಾತೃಸಂಸ್ಥೆ ಟೆಕ್ನಿಕಲರ್ 2025ರ ಫೆಬ್ರುವರಿಯಲ್ಲಿ ಕುಸಿದಾಗ ಅದರ ಬೆಂಗಳೂರಿನ ಸ್ಟುಡಿಯೊಗಳೂ ಕೆಲಸ ನಿಲ್ಲಿಸಿದವು.