ಮೆಟ್ಟಿಲ ಕೈಪಿಡಿಯ ಹೊಳಪು: ಅರಗಿನ ಚರಿತ್ರೆಯಲ್ಲೊಂದು ಪ್ರಕರಣ

ಹಳೆಯ ಮನೆಯ ಮರದ ಮೆಟ್ಟಿಲಿಗೆ ಜೋಡಿಸಿದ ಕೈಪಿಡಿಯು ಆ ಮನೆಯಲ್ಲಿ ಬಾಳಿದವರೆಲ್ಲರ ಅಂಗೈಯ ಸೋಂಕನ್ನು ಪಡೆದ ವಸ್ತುವಾಗಿದೆ. ಕೈಯೂರುವ ತಿರುವುಗಳಲ್ಲಿ ಅದರ ಹೊಳಪು ಮೊದಲು ಮಾಸುವುದು. ಅದನ್ನು ಕಂಡ ಗೃಹಸ್ಥನು ಹಳೆಯ ಲೇಪವನ್ನೆಲ್ಲ ಹೆರೆದು ಹೊಸದನ್ನು ಬಳಿಸಲು ತೊಡಗುವುದುಂಟು. ಆದರೆ ಆ ಲೇಪವು ಯಾವುದು, ಎಲ್ಲಿಂದ ಬಂದಿತು ಎಂಬುದನ್ನು ವಿಚಾರಿಸಿದರೆ, ಹೆರೆಯುವ ಕಾರ್ಯವು ಅನೇಕ ವೇಳೆ ಅನಾವಶ್ಯಕವೆಂದು ತಿಳಿದುಬರುವುದು.

19ನೆಯ ಶತಮಾನದ ಇಂಗ್ಲೆಂಡಿನ ಅನೇಕ ಮನೆಗಳ ಕೈಪಿಡಿಗಳಿಗೆ ಹೊಳಪನ್ನು ಕೊಟ್ಟದ್ದು ಅರಗು. ಮುತ್ತುಗ, ಬೋರೆ ಮೊದಲಾದ ಮರಗಳ ಎಳೆಗೊಂಬೆಗಳಲ್ಲಿ ನೆಲಸುವ ಒಂದು ಸಣ್ಣ ಕೀಟವು ಸ್ರವಿಸುವ ಈ ರಾಳಕ್ಕೆ ಸಂಸ್ಕೃತದಲ್ಲಿ ಲಾಕ್ಷಾ, ಜತು ಎಂಬ ಹೆಸರುಗಳಿವೆ. ಅಥರ್ವವೇದದ 5ನೆಯ ಕಾಂಡದ 5ನೆಯ ಸೂಕ್ತವು ಲಾಕ್ಷೆಯನ್ನು ಗಾಯ ಮಾಯಿಸುವ ಔಷಧವೆಂದು ಸ್ತುತಿಸುತ್ತದೆ. ಮಹಾಭಾರತದ ಆದಿಪರ್ವದಲ್ಲಿಯಾದರೋ ಅದು ವಾರಣಾವತದಲ್ಲಿ ಪಾಂಡವರನ್ನು ಸುಡಲು ಪುರೋಚನನು ಕಟ್ಟಿಸಿದ ಮನೆಯ ಸಾಮಗ್ರಿಯಾಗಿದೆ. ಪಂಪ, ಕುಮಾರವ್ಯಾಸರ ಕಾವ್ಯಗಳನ್ನು ಓದಿದವರಿಗೆ ಅರಗಿನ ಮನೆಯ ಕಥೆ ಪರಿಚಿತವೇ. ಕಾವಿಗೆ ಬೇಗನೆ ಕರಗಿ ಉರಿಯುವ ಗುಣವೇ ಆ ದುರಾಲೋಚನೆಗೆ ಆಧಾರ.

ಅದೇ ಕರಗುವ ಗುಣವನ್ನು ಮರಗೆಲಸದವರು ಒಳಿತಿಗೆ ಬಳಸಿಕೊಂಡರು. 1583ರಲ್ಲಿ ಗೋವೆಗೆ ಬಂದು ಅಲ್ಲಿಯ ಆರ್ಚ್‌ಬಿಷಪ್ಪನ ಸೇವೆಯಲ್ಲಿದ್ದ ಡಚ್ಚರ ಲಿನ್‌ಸ್ಕೋಟನ್ನನು 1596ರ ತನ್ನ ಪ್ರವಾಸಗ್ರಂಥದಲ್ಲಿ ಇದನ್ನು ವರ್ಣಿಸಿದ್ದಾನೆ. ತಿರುಗಣೆಯಲ್ಲಿ ಸುತ್ತುವ ಮರಕ್ಕೆ ಬಣ್ಣದ ಅರಗಿನ ತುಂಡನ್ನು ಒತ್ತಿದರೆ ಉಜ್ಜುವಿಕೆಯ ಕಾವಿಗೆ ಅದು ಕರಗಿ ಮರವನ್ನು ಹಿಡಿಯುವುದು. ಮೇಲೆ ಒಣಹುಲ್ಲಿನಿಂದ ತಿಕ್ಕಿದರೆ ಗಾಜಿನಂತೆ ಹೊಳೆಯುವುದು. ಚನ್ನಪಟ್ಟಣದಲ್ಲಿ ಹಾಲೆಮರದ ಗೊಂಬೆಗಳಿಗೆ ಅರಗನ್ನು ಹಿಡಿಸುವ ಕ್ರಮವೂ ಇದೇ. ಅಲ್ಲಿ ಹುಲ್ಲಿನ ಬದಲು ಕೇದಗೆಯ ಓಲೆಯನ್ನು ಬಳಸುತ್ತಾರೆ.

ಮೆಟ್ಟಿಲಿಗೆ ಜೋಡಿಸಿದ ಉದ್ದನೆಯ ಕೈಪಿಡಿಯನ್ನು ತಿರುಗಣೆಗೆ ಏರಿಸುವಂತಿಲ್ಲ. ಅಲ್ಲಿ ಕಾವಿನ ಕೆಲಸವನ್ನು ಮದ್ಯಸಾರವು ಮಾಡಬೇಕಾಯಿತು. 1688ರಲ್ಲಿ ಆಕ್ಸ್‌ಫರ್ಡಿನಲ್ಲಿ ಅಚ್ಚಾದ ಸ್ಟಾಕರ್ ಮತ್ತು ಪಾರ್ಕರ್ ಎಂಬವರ ಗ್ರಂಥದಲ್ಲಿಯೇ ಮದ್ಯಸಾರದಲ್ಲಿ ಅರಗನ್ನು ಕರಗಿಸಿ ವಾರ್ನಿಷು ಮಾಡುವ ವಿಧಾನವಿದೆ. ಅದನ್ನು ಕುಂಚದಿಂದ ಬಳಿಯದೆ, ಬಟ್ಟೆಯಲ್ಲಿ ಸುತ್ತಿದ ಹತ್ತಿಯ ಉಂಡೆಯಿಂದ ತೆಳುವಾಗಿ ಹಲವು ಸಲ ಉಜ್ಜುವ ‘ಫ್ರೆಂಚ್ ಪಾಲಿಷ್’ 19ನೆಯ ಶತಮಾನದ ಆದಿಯಲ್ಲಿ ಪ್ಯಾರಿಸಿನಿಂದ ಇಂಗ್ಲೆಂಡಿಗೆ ಹರಡಿತು.

ಈ ಚರಿತ್ರೆಯಿಂದ ದುರಸ್ತಿಯ ಮಾರ್ಗವು ತಾನಾಗಿಯೇ ಹೊರಡುತ್ತದೆ. ಕಣ್ಣಿಗೆ ಬೀಳದ ಎಡೆಯಲ್ಲಿ ಒಂದು ಹನಿ ಮದ್ಯಸಾರವನ್ನಿಟ್ಟು ನೋಡಬೇಕು. ಲೇಪವು ಮೆತ್ತಗಾಗಿ ಅಂಟಿದರೆ ಅದು ಬಹುಶಃ ಅರಗೇ. ಕ್ಷಾರಕ್ಕೆ ಅರಗು ಕರಗುವುದರಿಂದ ಸೋಡಾದ ನೀರಿನಿಂದ ತೊಳೆಯಬಾರದು; ಹಿಂಡಿದ ಒದ್ದೆ ಬಟ್ಟೆಯಿಂದ ಕೊಳೆಯನ್ನು ಒರಸಿ ಆರಿಸಿದರೆ ಸಾಕು. ಸವೆದ ಎಡೆಯನ್ನು ನಯವಾದ ಉಪ್ಪುಕಾಗದದಿಂದ ಹಗುರವಾಗಿ ತಿಕ್ಕಿ, ಅರಗಿನ ತಿಳಿದ್ರಾವಣವನ್ನು ಉಂಡೆಗೆ ಹೀರಿಸಿ, ಉಂಡೆ ಜಾರಲೆಂದು ಒಂದೆರಡು ಹನಿ ಅಗಸೆಯೆಣ್ಣೆಯನ್ನು ಸೋಂಕಿಸಿ, ಎಲ್ಲಿಯೂ ನಿಲ್ಲಿಸದೆ ಉದ್ದಕ್ಕೆ ಎಳೆಯಬೇಕು. ಪ್ರತಿಯೊಂದು ಪದರವೂ ಆರಿದ ಮೇಲೆ ಮತ್ತೊಂದು. ಹತ್ತಿರದಲ್ಲಿ ದೀಪವಾಗಲಿ ಬೆಂಕಿಯಾಗಲಿ ಇರಕೂಡದು. ಪುರೋಚನನ ಪಾಠವನ್ನು ಇಲ್ಲಿ ಮರೆಯುವಂತಿಲ್ಲ.

ಹೊಸ ದ್ರಾವಣದ ಮದ್ಯಸಾರವು ಹಳೆಯ ಪದರವನ್ನು ಕೊಂಚ ಕರಗಿಸುವುದರಿಂದ ಎರಡೂ ಬೆರೆತು ಒಂದಾಗುವುವು. ಕನ್ನಡದಲ್ಲಿ ‘ಅರಗು’ ಎಂಬ ಕ್ರಿಯಾಪದಕ್ಕೆ ಜೀರ್ಣವಾಗುವುದೆಂಬ ಅರ್ಥವಿದೆ. ಎರಡು ಶಬ್ದಗಳಿಗೆ ವ್ಯುತ್ಪತ್ತಿಯ ನಂಟನ್ನು ಕಲ್ಪಿಸದಿದ್ದರೂ, ಹೊಸದು ಹಳೆಯದರಲ್ಲಿ ಅರಗುತ್ತದೆ ಎನ್ನುವುದು ಇಲ್ಲಿ ಒಪ್ಪುವ ಮಾತು. 20ನೆಯ ಶತಮಾನದಲ್ಲಿ ಬಂದ ಪಾಲಿಯುರಿಥೇನ್ ಲೇಪಗಳು ಸವೆತವನ್ನೂ ನೀರನ್ನೂ ಹೆಚ್ಚು ತಡೆಯುವುವು. ಆದರೆ ಒಮ್ಮೆ ಗಟ್ಟಿಯಾದ ಮೇಲೆ ಹೊಸ ಪದರದೊಡನೆ ಹೀಗೆ ಕರಗಿ ಬೆರೆಯುವುದಿಲ್ಲ. ಅರಗು ಬೇಗ ಸವೆಯುವುದು ನಿಜವಾದರೂ ಅದರ ದುರಸ್ತಿಗೆ ಹಿಂದಿನವರ ಕೆಲಸವನ್ನು ಅಳಿಸಬೇಕಾಗಿಲ್ಲ. ಹಳೆಯ ಕೈಪಿಡಿಯನ್ನು ಬುಡಮಟ್ಟ ಹೆರೆದವನು ಕೊಳೆಯೊಂದಿಗೆ, ಮೊದಲು ಅದಕ್ಕೆ ಹೊಳಪು ಕೊಟ್ಟ ಕುಶಲಿಯ ಕೈಗೆಲಸವನ್ನೂ ಕಳೆದಂತಾಗುವುದು.